ಕ್ಯಾರೋದ (ಕಂಪನಿ ಆಡಿಟ್ ವರದಿಯ ಅನುಬಂಧ) ಒಂದು ಸಾಲಿಗಾಗಿ ಒತ್ತಡ. ಆಫೀಸಿನ ಕಾಲು ಭಾಗಕ್ಕಿಂತ ಹೆಚ್ಚಿನ ಆದಾಯ ಈ ಕ್ಲೈಂಟ್‌ನಿಂದಲೇ. ಏನು ಮಾಡಲಿ?

ಗಂಗಾವತಿ ಸಿಎ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮುಗಿಸಿ, ಅಲ್ಲೇ ಎರಡು ವರ್ಷ ಕೆಲಸ ಮಾಡಿ, ಅಪ್ಪ ತೀರಿಕೊಂಡ ಮೇಲೆ ಊರಿಗೆ ವಾಪಸ್ ಬಂದವಳು ನಾನು. ಅಪ್ಪ ಸಿಎ ಅಲ್ಲ, ಸೇಲ್ಸ್ ಟ್ಯಾಕ್ಸ್ ಕೆಲಸ ಮಾಡುತ್ತಿದ್ದರು. ಅವರ ಹಳೇ ಕ್ಲೈಂಟ್‌ಗಳಲ್ಲಿ ಹತ್ತಾರು ಜನ ನನ್ನ ಜೊತೆ ಉಳಿದುಕೊಂಡರು. ಅದರಲ್ಲಿ ದೊಡ್ಡದು ಒಂದು ರೈಸ್ ಮಿಲ್, ಪ್ರೈವೇಟ್ ಲಿಮಿಟೆಡ್ ಕಂಪನಿ. ಮಾಲೀಕರು ಅಪ್ಪನ ಸ್ನೇಹಿತರು, ನಾನು ಚಿಕ್ಕಂದಿನಿಂದ ಕಾಕಾ ಅಂತಲೇ ಕರೆಯೋದು. ಎರಡು ವರ್ಷದ ಆಡಿಟ್‌ಗೆ ಸಹಿ ಹಾಕಿದ್ದೇನೆ, ಇದು ಮೂರನೆಯದು.

ಮಿಲ್ಲಿಗೆ ಬ್ಯಾಂಕಿನಲ್ಲಿ 8 ಕೋಟಿ ರೂ. ಸಿಸಿ ಲಿಮಿಟ್ (ದಾಸ್ತಾನಿನ ಆಧಾರದ ಮೇಲೆ ಪಡೆಯುವ ಸಾಲದ ಮಿತಿ) ಇದೆ. ಏಪ್ರಿಲ್ 2ರಂದು ನಾನು ಮತ್ತು ನಮ್ಮ ಹುಡುಗ ಗೋದಾಮಿಗೆ ಹೋಗಿ ಎಣಿಸಲು ಕೂತೆವು. ನಿಟ್ಟು ನಿಟ್ಟಾಗಿ, 75 ಕೆಜಿಯ ಭತ್ತದ ಚೀಲ, ಎರಡು ದಿನ ಹಿಡಿಯಿತು. ಸುಮಾರು 42,000 ಚೀಲ ಬಂತು. ಬ್ಯಾಂಕಿಗೆ ಕೊಟ್ಟ ಮಾರ್ಚ್ ಸ್ಟಾಕ್ ಸ್ಟೇಟ್‌ಮೆಂಟಿನಲ್ಲೂ ಅಷ್ಟೇ ಇದೆ. ಆದರೆ ಮಿಲ್ಲಿನ ಲೆಕ್ಕದ ಪುಸ್ತಕದಲ್ಲಿ ಇರುವುದು 31,500. ಉಳಿದ 10,500 ಚೀಲ ಎಲ್ಲಿಂದ ಬಂತು ಅಂತ ಕೇಳಿದಾಗ ಗುಮಾಸ್ತರು ಸಹಜವಾಗಿ ಹೇಳಿದರು: ಅದು ವ್ಯಾಪಾರಸ್ಥರ ಮಾಲು, ರೇಟ್ ಬರಲಿ ಅಂತ ನಮ್ಮ ಗೋದಾಮಿನಲ್ಲಿ ಇಟ್ಟಿದ್ದಾರೆ.

ಚೀಲಕ್ಕೆ 2,000 ರೂ. ಹಿಡಿದರೂ 2.10 ಕೋಟಿ. ಶೇ 25 ಮಾರ್ಜಿನ್ ಕಳೆದರೆ ಒಂದೂವರೆ ಕೋಟಿಗೂ ಮೇಲ್ಪಟ್ಟ ಡ್ರಾಯಿಂಗ್ ಪವರ್ (ಬ್ಯಾಂಕಿನಿಂದ ತೆಗೆಯಬಹುದಾದ ಮೊತ್ತ), ಬೇರೆಯವರ ಭತ್ತದ ಮೇಲೆ.

ಕ್ಯಾರೋ 2020ರಲ್ಲಿ 5 ಕೋಟಿಗಿಂತ ಹೆಚ್ಚಿನ ಲಿಮಿಟ್ ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಸ್ಟೇಟ್‌ಮೆಂಟ್ ಪುಸ್ತಕಕ್ಕೆ ಹೊಂದುತ್ತದೆಯೇ ಅಂತ ಆಡಿಟರ್ ಬರೆಯಬೇಕಲ್ಲ, ಆ ಸಾಲು ನನ್ನ ಕೊರಳಿಗೆ ಬಂದಿದೆ. ಕಾಕಾ ಸಿಟ್ಟಾಗಲಿಲ್ಲ. ಚಹಾ ತರಿಸಿ, "ನೋಡವ್ವಾ, ನಿಮ್ಮಪ್ಪ ಇದ್ದಾಗಿಂದ ಹಿಂಗ ನಡಕೊಂಡ ಬಂದೈತಿ. ಹೊಂದತೈತಿ ಅಂತ ಬರದ್ರ ಯಾರಿಗೆ ಲುಕ್ಸಾನು? ಸಾಲ ಒಂದ್ ದಿನಾ ತಡ ಮಾಡಿಲ್ಲ ನಾವು" ಅಂದರು. ಎದ್ದು ಬರುವಾಗ ಇನ್ನೊಂದು ಮಾತು: "ಆಡಿಟ್ 50 ಸಾವಿರಕ್ಕ ಮಾಡಿಕೊಡ್ತೀವಿ ಅಂತ ಹೊಸಪೇಟೆಯಿಂದ ಒಬ್ಬರು ಬಂದಿದ್ರು. ನಾನ ಬ್ಯಾಡ ಅಂದೆ, ನಮ್ಮ ಹುಡುಗಿ ಅದಾಳ ಅಂತ."

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈ ಮಿಲ್ಲಿನಿಂದ ಕಂಪನಿ ಆಡಿಟ್, ಟ್ಯಾಕ್ಸ್ ಆಡಿಟ್ ಸೇರಿ 75,000, ಲೆಕ್ಕ ಬರೆಯಲು ತಿಂಗಳಿಗೆ 10,000, ಜಿಎಸ್‌ಟಿ ಮತ್ತು ರಿಟರ್ನ್‌ಗೆ 60,000. ಒಟ್ಟು 2,55,000. ನನ್ನ ಆಫೀಸಿನ ವರ್ಷದ ಒಟ್ಟು ಬರುವಳಿ 9 ಲಕ್ಷದ ಆಸುಪಾಸು. ಹೋದ ವರ್ಷದ ಆಡಿಟ್ ಫೀಸು 75,000 ಇನ್ನೂ ಬಂದಿಲ್ಲ. ಆಫೀಸು ಇರುವುದು ಕಾಕಾ ಅವರದೇ ಕಾಂಪ್ಲೆಕ್ಸ್‌ನಲ್ಲಿ. ಬಾಡಿಗೆ 6,000, ಪಕ್ಕದ ಅಂಗಡಿಯವರು 11,000 ಕೊಡುತ್ತಾರೆ.

ಆ ಸಾಲಿನಲ್ಲಿ ನಿಜ ಬರೆದು, ಕ್ಲೈಂಟನ್ನೂ ಉಳಿಸಿಕೊಳ್ಳುವ ದಾರಿ ಇದೆಯಾ? ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ದಾಟಿ ಬಂದಿದ್ದರೆ ಹೇಳಿ.

ದಾವಣಗೆರೆ ಪ್ರಾಕ್ಟೀಸ್

ಮೇಡಂ, ಮೊದಲು ಫೀಸಿನ ಮಾತು. 50 ಸಾವಿರಕ್ಕೆ ಮಾಡುತ್ತೇನೆ ಅಂದವರ ಬಗ್ಗೆ ನೀವು ಹೆದರಿದ್ದೀರಿ. ನಾನೂ ಎರಡು ಮಿಲ್ ಆಡಿಟ್ ಮಾಡುತ್ತೇನೆ, ನಾಲ್ಕು ವರ್ಷದಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆದಿಡುತ್ತಿದ್ದೇನೆ. ಒಂದು ಮಿಲ್ಲಿಗೆ ಇಬ್ಬರು ಆರ್ಟಿಕಲ್ ಹುಡುಗರು 14 ದಿನ, ನಾನು 4 ದಿನ. ಗೋದಾಮು ಎಣಿಕೆಗೇ ಎರಡು ದಿನ ಬೇಕು ಅಂತ ನೀವೇ ಬರೆದಿದ್ದೀರಿ. ಫೀಸು ಮೂರನೇ ಒಂದು ಭಾಗ ಇಳಿದರೆ ಆ ದಿನಗಳಲ್ಲಿ ಯಾವುದೋ ಬಿಟ್ಟುಹೋಗಲೇಬೇಕು. ಮೊದಲು ಬಿಡುವುದು ಎಣಿಕೆ. ಆಮೇಲೆ ಬಾಕಿದಾರರಿಗೆ ಬರೆಯುವ ದೃಢೀಕರಣ ಪತ್ರ. ಆಮೇಲೆ ಗುಮಾಸ್ತರ ಹತ್ತಿರ ಕೂತು ಮಾತಾಡುವ ಆ ಅರ್ಧ ದಿನ. ನಿಮಗೆ 10,500 ಚೀಲದ ವಿಷಯ ಸಿಕ್ಕಿದ್ದು ಈ ಮೂರರಲ್ಲಿ ಎರಡರಿಂದ. ಹೊಸಪೇಟೆಯವರು ಗೋದಾಮಿನ ಬಾಗಿಲು ನೋಡದೆ ಸಹಿ ಹಾಕಿದರೆ ಅವರಿಗೆ ಅದು ಸಿಗುವುದೇ ಇಲ್ಲ. ಕಾಕಾಗೆ ಬೇಕಿರುವುದೂ ಅದೇ ಇರಬಹುದು.

ಇನ್ನೊಂದು, ಧೈರ್ಯದ ಮಾತು. ನಿಮ್ಮ ನೇಮಕ ಐದು ವರ್ಷಕ್ಕೆ. ಮೊದಲಿನ ಹಾಗೆ ಪ್ರತಿ ವಾರ್ಷಿಕ ಮಹಾಸಭೆಯಲ್ಲಿ ಅನುಮೋದನೆ ಪಡೆಯುವ ಪದ್ಧತಿ 2018ರ ಮೇ ತಿಂಗಳಿಂದ ಇಲ್ಲ. ಅವಧಿಗೆ ಮುಂಚೆ ತೆಗೆಯಬೇಕಾದರೆ ಕಂಪನಿ ಕಾಯ್ದೆಯ ಸೆಕ್ಷನ್ 140ರಂತೆ ವಿಶೇಷ ನಿರ್ಣಯ ಬೇಕು, ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಬೆಳಗ್ಗೆ ಎದ್ದು 'ನಾಳೆಯಿಂದ ಬರಬೇಡ' ಅನ್ನಲು ಬರುವುದಿಲ್ಲ. ನಿಜ ಬರೆಯಿರಿ. ಒಂದೆರಡು ತಿಂಗಳು ಮಾತು ಬಿಡುತ್ತಾರೆ, ಅಷ್ಟೇ.

ಕ್ರೆಡಿಟ್ ಡೆಸ್ಕ್

ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿ ಇರುವವನು, ನಿಮ್ಮ ಭಾಗದಲ್ಲೇ ಆರು ವರ್ಷ ಕೆಲಸ ಮಾಡಿದ್ದೇನೆ. "ಯಾರಿಗೆ ಲುಕ್ಸಾನು" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮಿಲ್ ನಡೆಯುತ್ತಿರುವಷ್ಟು ದಿನ ಯಾರಿಗೂ ಇಲ್ಲ. ಒಂದು ಹಂಗಾಮು ಕೆಟ್ಟು ಖಾತೆ ಎನ್‌ಪಿಎ (ಮರುಪಾವತಿ ನಿಂತ ಸಾಲ) ಆದ ದಿನ ನಾವು ಗೋದಾಮಿಗೆ ಬೀಗ ಹಾಕಲು ಹೋಗುತ್ತೇವೆ. ಆಗ ಹತ್ತು ಜನ ವ್ಯಾಪಾರಸ್ಥರು ಚೀಟಿ ಹಿಡಿದು ಬಂದು ನಿಲ್ಲುತ್ತಾರೆ, ಇದು ನನ್ನ ಭತ್ತ ಅಂತ. ಮಾಲು ಸಾಲಗಾರನದ್ದೇ ಅಲ್ಲದಿದ್ದರೆ ಅದರ ಮೇಲೆ ನಮ್ಮ ಹೈಪೋಥಿಕೇಶನ್‌ಗೆ (ಸಾಲದ ಭದ್ರತೆಯ ಹಕ್ಕಿಗೆ) ಬೆಲೆ ಏನು? ಆ ವ್ಯಾಪಾರಸ್ಥರಲ್ಲಿ ಕೆಲವರು ರೈತರಿಗೆ ಇನ್ನೂ ದುಡ್ಡು ಕೊಟ್ಟಿರುವುದಿಲ್ಲ. ಲುಕ್ಸಾನು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಅಂಥ ಒಂದು ಬೆಳಗ್ಗೆ ಗೋದಾಮಿನ ಮುಂದೆ ನಾನು ನಿಂತಿದ್ದೇನೆ, ಮರೆಯಲು ಆಗಿಲ್ಲ.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಷ್ಟೋ ಶಾಖೆಗಳಲ್ಲಿ ಆಡಿಟ್ ವರದಿ ಬಂದರೆ ಯುಡಿನ್ (ಸಿಎ ಸಹಿಯ ಗುರುತಿನ ಸಂಖ್ಯೆ) ಇದೆಯಾ, ಸಹಿ ಇದೆಯಾ ನೋಡಿ ಫೈಲಿಗೆ ಹಾಕುತ್ತಾರೆ. ಕ್ಯಾರೋ ಅನುಬಂಧ ಓದುವವರು ಕಡಿಮೆ. ನಾನು ಓದುತ್ತೇನೆ. ಆ ಸಾಲಿನಲ್ಲಿ ವ್ಯತ್ಯಾಸ ಬರೆದಿದ್ದರೆ ಸಾಲ ರದ್ದು ಮಾಡುವುದಿಲ್ಲ. ಪಾರ್ಟಿಯನ್ನು ಕರೆದು ಡ್ರಾಯಿಂಗ್ ಪವರ್ ಸರಿ ಮಾಡಿಸಿಕೊಳ್ಳುತ್ತೇವೆ. ಎಲ್ಲಾ 'ಹೊಂದುತ್ತದೆ' ಅಂತಿದ್ದು, ಆಮೇಲೆ ಸ್ಟಾಕ್ ಆಡಿಟ್‌ನಲ್ಲಿ ಬೇರೆ ಬಂದರೆ ಆಗ ವಿಷಯ ದೊಡ್ಡದಾಗುತ್ತದೆ.

ಚೀಲ ಯಾರದು ಅಂತ ಗೊತ್ತಾಗಬೇಕಾದರೆ ಎಣಿಕೆ ಸಾಲದು ಮೇಡಂ. ಹಮಾಲರ ಕೂಲಿ ಪಟ್ಟಿ ನೋಡಿ, ಇಳಿಸಿದ ಚೀಲಕ್ಕೂ ಖರೀದಿಗೂ ತಾಳೆ ಆಗಬೇಕು. ವೇಬ್ರಿಡ್ಜ್ ಚೀಟಿಯಲ್ಲಿ ಯಾರ ಹೆಸರಿದೆ ನೋಡಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಸ್ಟಾಕಿನ ಮೌಲ್ಯ ಎಷ್ಟು ತೋರಿಸಿದ್ದಾರೆ ನೋಡಿ.

ಮೈಸೂರು ಮೇಷ್ಟ್ರು

ನಾನು ಎಂ.ಕಾಂ ಮಕ್ಕಳಿಗೆ ಆಡಿಟಿಂಗ್ ಹೇಳಿಕೊಡುವವನು, ಪ್ರಾಕ್ಟೀಸ್ ಮಾಡಿದವನಲ್ಲ. ಸಂಶೋಧಕಿ ಲಿಂಡಾ ಡಿಆಂಜೆಲೊ 1981ರಲ್ಲಿ ಆಡಿಟ್ ಗುಣಮಟ್ಟವನ್ನು ಎರಡು ಭಾಗ ಮಾಡಿ ವಿವರಿಸಿದರು: ತಪ್ಪನ್ನು ಕಂಡುಹಿಡಿಯುವುದು ಒಂದು, ಕಂಡದ್ದನ್ನು ವರದಿ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಸಾಮರ್ಥ್ಯ, ಸಮಯ ಬೇಕು. ಎರಡನೆಯದಕ್ಕೆ ಸ್ವಾತಂತ್ರ್ಯ ಬೇಕು. ಏಪ್ರಿಲ್ 2ರಂದು ನೀವು ಮೊದಲನೆಯದನ್ನು ಮಾಡಿ ಮುಗಿಸಿದ್ದೀರಿ ತಂಗಿ. ನಿಮ್ಮ ಪ್ರಶ್ನೆ ಇರುವುದು ಎರಡನೆಯದರಲ್ಲಿ.

ಫೀಸಿನ ಬಗ್ಗೆ ಅದಕ್ಕೂ ಒಂದು ವರ್ಷ ಮುಂಚೆ ಸಿಮ್ಯುನಿಕ್ ಎಂಬ ಸಂಶೋಧಕ ಮಾಡಿದ ಅಧ್ಯಯನ ಇವತ್ತಿಗೂ ಆಧಾರ. ಕಂಪನಿಯ ಗಾತ್ರ, ಎಷ್ಟು ಕಡೆ ಹರಡಿಕೊಂಡಿದೆ, ಆಸ್ತಿಯಲ್ಲಿ ಬಾಕಿ ಮತ್ತು ದಾಸ್ತಾನು ಎಷ್ಟು ಪಾಲು, ನಷ್ಟದ ಅಪಾಯ ಎಷ್ಟು, ಇವು ಫೀಸನ್ನು ನಿರ್ಧರಿಸಬೇಕು. ರೈಸ್ ಮಿಲ್ಲಿನ ಆಸ್ತಿಯ ಬಹುಪಾಲು ಗೋದಾಮಿನಲ್ಲೇ ಇರುತ್ತದೆ. ಆ ಲೆಕ್ಕದಲ್ಲಿ ನಿಮ್ಮ 75,000 ಕಡಿಮೆಯೇ. ಆದರೆ ನನಗೆ ಆಡಿಟ್ ಫೀಸಿಗಿಂತ ಉಳಿದ 1,80,000 ಹೆಚ್ಚು ಕಾಡಿತು. ಲೆಕ್ಕದ ವಂಚನೆಯಿಂದ ಮುಳುಗಿದ ಅಮೆರಿಕದ ಎನ್ರಾನ್ ಕಂಪನಿ 2000ನೇ ವರ್ಷದಲ್ಲಿ ತನ್ನ ಆಡಿಟರ್ ಆರ್ಥರ್ ಆಂಡರ್ಸನ್‌ಗೆ ಆಡಿಟ್‌ಗೆ ಕೊಟ್ಟದ್ದು 2.5 ಕೋಟಿ ಡಾಲರ್, ಬೇರೆ ಕೆಲಸಕ್ಕೆ ಕೊಟ್ಟದ್ದು 2.7 ಕೋಟಿ ಡಾಲರ್. ಮಕ್ಕಳಿಗೆ ಈ ಎರಡು ಅಂಕಿಯನ್ನು ಬೋರ್ಡಿನ ಮೇಲೆ ಬರೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ.

ದೂರದ ಮಾತೇಕೆ, ನಮ್ಮ ರಾಜ್ಯದ್ದೇ ಇದೆ. ಕಾಫಿ ಡೇ ಸಮೂಹದ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂ. ಪ್ರವರ್ತಕರ ಕುಟುಂಬಕ್ಕೆ ಸೇರಿದ ಇನ್ನೊಂದು ಕಂಪನಿಗೆ ಹೋಗಿತ್ತು ಎಂದು ಸೆಬಿ 2023ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದೇ ವರ್ಷ ಆಡಿಟರ್‌ಗಳ ಮೇಲೆ ನಿಗಾ ಇಡುವ ಪ್ರಾಧಿಕಾರ ಎನ್‌ಎಫ್‌ಆರ್‌ಎ ಆ ಸಮೂಹದ ಕಂಪನಿಗಳ ಆಡಿಟರ್‌ಗಳ ಮೇಲೂ ದಂಡ ಹಾಕಿತು. ಒಂದೇ ಮನೆತನದ ಸುತ್ತ ವರ್ಷಾನುಗಟ್ಟಲೆ ಇದ್ದವರಿಗೆ ಕೇಳಬೇಕಾದ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಅಂತ ಆ ಆದೇಶಗಳನ್ನು ಓದುವಾಗ ನನಗೆ ಅನಿಸಿತ್ತು.

ಹಳೇ ಸಹಿ

ತಂಗಿ, ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. 34 ವರ್ಷದ ಪ್ರಾಕ್ಟೀಸ್. ಉತ್ತರ ಕೊಡುವ ಮುಂಚೆ ಎರಡು ಪ್ರಶ್ನೆ. ಮಿಲ್ಲಿನ ಲೆಕ್ಕ ಯಾರು ಬರೆಯುತ್ತಾರೆ, ನೀವೇ ಇಟ್ಟ ಹುಡುಗನೋ, ಮಿಲ್ಲಿನವರೋ? ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್ ಯಾರು ತಯಾರು ಮಾಡುತ್ತಾರೆ?

ಗಂಗಾವತಿ ಸಿಎ

ಸರ್, ಟ್ಯಾಲಿ ಎಂಟ್ರಿ ನಮ್ಮ ಆಫೀಸಿನ ಹುಡುಗ ಮಾಡುತ್ತಾನೆ. ಸ್ಟಾಕ್ ಸ್ಟೇಟ್‌ಮೆಂಟೂ. ಪ್ರತಿ ತಿಂಗಳು 7ನೇ ತಾರೀಖಿನೊಳಗೆ ಗುಮಾಸ್ತರು ವಾಟ್ಸಾಪ್‌ನಲ್ಲಿ ಚೀಲದ ಸಂಖ್ಯೆ ಕಳಿಸುತ್ತಾರೆ, ನಮ್ಮ ಹುಡುಗ ಅದನ್ನು ಬ್ಯಾಂಕಿನ ನಮೂನೆಗೆ ಹಾಕಿ, ಪ್ರಿಂಟ್ ತೆಗೆದು ಮಿಲ್ಲಿನ ಸೀಲಿಗೆ ಕಳಿಸುತ್ತಾನೆ. ನೀವು ಕೇಳುವವರೆಗೆ ನಾನು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ನಿನ್ನೆ ರಾತ್ರಿ ಹಳೇ ಪ್ರಿಂಟ್‌ಗಳನ್ನು ತೆಗೆದು ನೋಡಿದೆ. ಜೂನ್, ಸೆಪ್ಟೆಂಬರ್ ಸರಿ ಇವೆ. ಡಿಸೆಂಬರ್‌ನಲ್ಲಿ 7,200 ಚೀಲ ಹೆಚ್ಚು, ಮಾರ್ಚ್‌ನಲ್ಲಿ 10,500. ಎರಡೂ ನನ್ನ ಆಫೀಸಿನ ಪ್ರಿಂಟರ್‌ನಿಂದ ಹೊರಟವು.

ಹಳೇ ಸಹಿ

ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಈಗ ನಾನು ಹೇಳುವುದು ನಿಮಗೆ ಹಿಡಿಸಲಿಕ್ಕಿಲ್ಲ. ದಾವಣಗೆರೆಯವರು ಹೇಳಿದ ಐದು ವರ್ಷದ ರಕ್ಷಣೆ ನಿಜ, ಆದರೆ ಅದು ನಿಮಗೆ ಸಿಗುವುದಿಲ್ಲ.

ಕಂಪನಿ ಕಾಯ್ದೆ 2013ರ ಸೆಕ್ಷನ್ 144 ತೆಗೆದು ಓದಿ. ಆಡಿಟರ್ ಆದವರು ಆ ಕಂಪನಿಗೆ ಕೊಡಬಾರದ ಸೇವೆಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದೇ ಲೆಕ್ಕ ಬರೆಯುವುದು. ನೇರವಾಗಿಯೂ ಕೂಡದು, ಪರೋಕ್ಷವಾಗಿಯೂ ಕೂಡದು. ಇದು ಲಿಸ್ಟೆಡ್ ಕಂಪನಿಗೆ ಮಾತ್ರ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಐದು ವರ್ಷ, ಹತ್ತು ವರ್ಷಕ್ಕೆ ಆಡಿಟರ್ ಬದಲಾಗಬೇಕು ಎಂಬ ನಿಯಮ ದೊಡ್ಡ ಕಂಪನಿಗಳಿಗೆ ಮಾತ್ರ. 144ಕ್ಕೆ ಆ ವಿನಾಯಿತಿ ಇಲ್ಲ. ಅದರ ಜೊತೆ 141(3)(ಐ) ಓದಿ: ಈ ಸೇವೆ ಕೊಡುವವರು ಆಡಿಟರ್ ಆಗಲು ಅನರ್ಹರು. 141(4): ನೇಮಕದ ನಂತರ ಅನರ್ಹತೆ ಬಂದರೆ ಸ್ಥಾನ ಬಿಡಬೇಕು. ಟ್ಯಾಕ್ಸ್ ಆಡಿಟ್‌ಗೂ ಇದೇ, ಪುಸ್ತಕ ಬರೆದವರು ಅದನ್ನು ಆಡಿಟ್ ಮಾಡುವುದನ್ನು ನಮ್ಮ ಸಿಎ ಇನ್‌ಸ್ಟಿಟ್ಯೂಟ್ ಒಪ್ಪುವುದಿಲ್ಲ.

ಅಂದರೆ ಆ ಸಾಲನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆಯೇ ನಿಮ್ಮದಲ್ಲ. ನೀವು ಬರೆಯುವ ಹಾಗೇ ಇಲ್ಲ. ಸ್ಟೇಟ್‌ಮೆಂಟ್ ನಿಮ್ಮದು, ಪುಸ್ತಕ ನಿಮ್ಮದು, ಎರಡೂ ಹೊಂದುತ್ತವೆಯೇ ಅಂತ ಸಹಿ ಹಾಕುವವರೂ ನೀವು. ನೀವು ನಿಜವನ್ನೇ ಬರೆದರೂ, ಬ್ಯಾಂಕಿನವರು "ಇದನ್ನು ಟೈಪ್ ಮಾಡಿದವರು ಯಾರು" ಅಂತ ಕೇಳಿದರೆ ಏನು ಉತ್ತರ ಕೊಡುತ್ತೀರಿ?

ನಾನು ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ನಾನೂ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಲೆಕ್ಕವನ್ನೂ ಬರೆದೆ, ಆಡಿಟನ್ನೂ ಮಾಡಿದೆ. ಆಗಿನ ಕಾಯ್ದೆಯಲ್ಲಿ 144ರಂಥ ಪಟ್ಟಿ ಇರಲಿಲ್ಲ. ಕ್ಲೈಂಟಿಗೂ ಖರ್ಚು ಉಳಿಯಿತು, ನನಗೂ ಎರಡು ದುಡ್ಡು ಬಂತು. ಒಂದು ವರ್ಷ ಬೇಲುಗಳ ಬೆಲೆ ಕಟ್ಟುವಾಗ ನನ್ನ ಹುಡುಗ ತಪ್ಪು ಮಾಡಿದ. ಆಡಿಟ್‌ನಲ್ಲಿ ನಾನೇ ಅದನ್ನು ನೋಡಿದೆ, ನೋಡಿದರೂ ಕಾಣಲಿಲ್ಲ. ನಮ್ಮ ಕೈಬರಹವನ್ನು ನಾವು ಓದುವಾಗ ಕಣ್ಣು ತಾನಾಗೇ ಮುಂದೆ ಹೋಗುತ್ತದೆ. ಮರುವರ್ಷ ಬೇರೆ ಊರಿನ ಸ್ನೇಹಿತ ಒಬ್ಬ ಸುಮ್ಮನೆ ಪುಟ ತಿರುವಿದವನು ಹತ್ತು ನಿಮಿಷದಲ್ಲಿ ಹಿಡಿದ. ಆವತ್ತಿನಿಂದ ಒಂದೇ ಕಂಪನಿಯಲ್ಲಿ ಎರಡೂ ಕೆಲಸ ಮಾಡಿಲ್ಲ.

ಉಳಿದ ಸಂಗತಿಗಳು. ಹೋದ ವರ್ಷದ 75,000 ಬಾಕಿ ಇದೆ ಅಂದಿರಿ. ಸಣ್ಣ ವಿಷಯ ಅಂತ ಬಿಡಬೇಡಿ. ಹಳೇ ಫೀಸು ನಿಂತಿದ್ದರೆ ಅದು ನೀವು ಕ್ಲೈಂಟಿಗೆ ಕೊಟ್ಟ ಸಾಲದ ಹಾಗೆ, ಅದು ಬರಲಿ ಎಂಬ ಆಸೆಯಲ್ಲಿ ಈ ವರ್ಷದ ವರದಿ ಮೆತ್ತಗಾಗುತ್ತದೆ. ಬಾಡಿಗೆಯೂ ಹಾಗೆಯೇ. ಕಾಕಾ ಕಟ್ಟಡದಲ್ಲಿ ಇರುವುದು ತಪ್ಪಲ್ಲ, ಪೇಟೆಯ ದರ ಕೊಡದಿರುವುದು ತಪ್ಪು. ತಿಂಗಳಿಗೆ 5,000 ಅಂದರೆ ವರ್ಷಕ್ಕೆ 60,000. ನಿಮ್ಮ ಆಡಿಟ್ ಫೀಸಿನ ಹತ್ತಿರ ಹತ್ತಿರ ಆಯಿತಲ್ಲ.

ನಿಮ್ಮ ಆದಾಯದಲ್ಲಿ ಈ ಮಿಲ್ಲಿನ ಪಾಲು ಶೇ 28ರಷ್ಟು. ಸಾರ್ವಜನಿಕ ಹಿತಾಸಕ್ತಿಯ ಕಂಪನಿಗಳ ವಿಷಯದಲ್ಲಿ ಅಂತರರಾಷ್ಟ್ರೀಯ ನೀತಿಸಂಹಿತೆ ಶೇ 15 ದಾಟಿದರೇ ಎಚ್ಚರ ಅನ್ನುತ್ತದೆ. ನಮ್ಮ ನಿಮ್ಮಂಥ ಊರಿನ ಆಫೀಸುಗಳಿಗೆ ಆ ಅಂಕಿ ಮುಟ್ಟುವುದು ಸುಲಭ ಅಲ್ಲ, ನನಗೆ ಗೊತ್ತು. ಮೊದಲ ವರ್ಷಗಳಲ್ಲಿ ನನ್ನ ಅರ್ಧ ಸಂಸಾರ ಒಬ್ಬನೇ ಕ್ಲೈಂಟಿನ ಮೇಲೆ ನಡೆದಿದೆ. ಅದಕ್ಕಾಗಿಯೇ ಹೇಳುತ್ತಿದ್ದೇನೆ.

ದಾರಿ ಹೀಗೆ. ಆಡಿಟ್ ಬಿಡಿ, ಲೆಕ್ಕ ಬರೆಯುವ ಕೆಲಸ ಇಟ್ಟುಕೊಳ್ಳಿ. ಹೋಗುವುದು 75,000, ಉಳಿಯುವುದು 1,80,000. ರಾಜೀನಾಮೆ ಕೊಟ್ಟ 30 ದಿನದೊಳಗೆ ಎಡಿಟಿ-3 (ಆಡಿಟರ್ ರಾಜೀನಾಮೆಯ ನಮೂನೆ) ಹಾಕಬೇಕು. ಅದರಲ್ಲಿ ಕಾರಣ ಬರೆಯುವ ಜಾಗದಲ್ಲಿ 'ಬಿಡುವಿಲ್ಲದ ಕಾರಣ' ಅಂತ ಬರೆಯಬೇಡಿ, ಎಲ್ಲರೂ ಹಾಗೇ ಬರೆಯುತ್ತಾರೆ. ಸೆಕ್ಷನ್ 144 ಅಂತ ಬರೆಯಿರಿ. ಹೊಸ ಆಡಿಟರ್ ಒಪ್ಪಿಕೊಳ್ಳುವ ಮುಂಚೆ ನಿಮಗೆ ಪತ್ರ ಬರೆಯಲೇಬೇಕು, ಸಿಎ ಕಾಯ್ದೆಯ ಮೊದಲ ಶೆಡ್ಯೂಲಿನ 8ನೇ ಕಲಂ. ಆ ಪತ್ರಕ್ಕೆ ಉತ್ತರ ಕೊಡುವಾಗ ಎರಡು ತ್ರೈಮಾಸಿಕದ ವ್ಯತ್ಯಾಸವನ್ನು ಅಂಕಿ ಸಮೇತ ಕೊಡಿ. ನಿಮ್ಮ ಬಾಕಿ ಫೀಸು ತೀರದೆ ಅವರು ಒಪ್ಪಿಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ.

ಸೆಕ್ಷನ್ 143(12)ರ ಬಗ್ಗೆ ಯಾರಾದರೂ ಹೆದರಿಸಿದರೆ: ಅದು ಕಂಪನಿಯಲ್ಲಿ ಅದರ ಅಧಿಕಾರಿಗಳು, ನೌಕರರು ಮಾಡಿದ ವಂಚನೆಯನ್ನು ಆಡಿಟರ್ ವರದಿ ಮಾಡುವ ಮಾತು. ಇಲ್ಲಿ ಕಂಪನಿಯೇ ಬ್ಯಾಂಕಿಗೆ ಕೊಟ್ಟ ಸ್ಟೇಟ್‌ಮೆಂಟ್ ಅದರಡಿ ಬರುತ್ತದೆಯೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಅದನ್ನು ಯಾವ ಕಲಮಿನಲ್ಲಿ ಹೇಳಬೇಕು ಎಂಬುದನ್ನು ಹೊಸ ಆಡಿಟರ್ ತೀರ್ಮಾನಿಸಲಿ.

ದಾವಣಗೆರೆ ಪ್ರಾಕ್ಟೀಸ್

ಸರ್ ಹೇಳಿದ್ದು ಸರಿ. ಲೆಕ್ಕವೂ ಅವರ ಆಫೀಸಿನದೇ ಎಂಬುದನ್ನು ನಾನು ಗಮನಿಸಲಿಲ್ಲ, ಪ್ರಶ್ನೆಯಲ್ಲೇ ಇತ್ತು. ನನ್ನ ಧೈರ್ಯದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಒಂದು ಮಿಲ್ಲಿನಲ್ಲೂ ತಂಗಿಯ ಗಂಡ ಲೆಕ್ಕ ಬರೆಯುತ್ತಾನೆ, ಬೇರೆ ಆಫೀಸು ಅಂತ ಸುಮ್ಮನಿದ್ದೆ. 'ಪರೋಕ್ಷವಾಗಿ' ಎಂಬ ಪದವನ್ನು ಇವತ್ತು ಮತ್ತೊಮ್ಮೆ ಓದುತ್ತೇನೆ.

ಗಂಗಾವತಿ ಸಿಎ (ಐದು ವಾರದ ನಂತರ)

ಎಲ್ಲರಿಗೂ ತಿಳಿಸಬೇಕಿತ್ತು, ತಡವಾಯಿತು.

ಕಾಕಾ ಮನೆಗೇ ಹೋಗಿ ಹೇಳಿದೆ. ಕಾಕಿಯೂ ಇದ್ದರು. ಮೊದಲು ನಾನು ಜಗಳಕ್ಕೆ ಬಂದಿದ್ದೇನೆ ಅಂದುಕೊಂಡರು. ಲೆಕ್ಕ ಬರೆಯುವವಳು ನಾನೇ, ಅದಕ್ಕೆ ಸಹಿ ನಾನು ಹಾಕಬಾರದಿತ್ತು, ಎರಡು ವರ್ಷ ಹಾಕಿದ್ದು ನನ್ನ ತಪ್ಪು ಅಂದಾಗ ಸುಮ್ಮನಾದರು. "ಹಂಗಾರ ನಿಮ್ಮಪ್ಪನ ಕೆಲಸ ನೀನ ಮಾಡಾಕಿ, ಸಹಿಗೆ ಬ್ಯಾರೆಯವ್ರು" ಅಂದರು. ಹೌದು ಅಂದೆ. ಬ್ಯಾಂಕಿನವರು ಇಲ್ಲಿ ಬರೆದಿದ್ದನ್ನು, ಗೋದಾಮಿನ ಮುಂದೆ ಚೀಟಿ ಹಿಡಿದು ನಿಂತವರ ಮಾತನ್ನು ಹೇಳಿದೆ. ಅವರಿಗೆ ತಟ್ಟಿದ್ದು ಅದೇ. ಆ ವ್ಯಾಪಾರಸ್ಥರಲ್ಲಿ ಇಬ್ಬರು ಅವರ ಬೀಗರು.

ಹೋದ ವಾರ ಎಡಿಟಿ-3 ಹಾಕಿದೆ, ಕಾರಣದಲ್ಲಿ ಸೆಕ್ಷನ್ 144 ಬರೆದೆ. ಬಾಕಿ ಫೀಸು ಚೆಕ್‌ನಲ್ಲಿ ಬಂತು, ಟಿಡಿಎಸ್ ಕಳೆದು 67,500. ಬಾಡಿಗೆ ಈ ತಿಂಗಳಿಂದ 11,000 ಕೊಡುತ್ತಿದ್ದೇನೆ. ಜುಲೈ ಸ್ಟಾಕ್ ಸ್ಟೇಟ್‌ಮೆಂಟಿಗೆ ಗುಮಾಸ್ತರು ಸಂಖ್ಯೆ ಕಳಿಸಿದಾಗ, ಸ್ವಂತದ್ದು ಎಷ್ಟು, ಇಟ್ಟದ್ದು ಎಷ್ಟು ಅಂತ ಎರಡು ಸಾಲಿನಲ್ಲಿ ಕೊಡಿ ಅಂದೆ. ಎರಡು ದಿನ ತಡ ಮಾಡಿ ಕೊಟ್ಟರು. ಡ್ರಾಯಿಂಗ್ ಪವರ್ ಇಳಿಯಿತು, ಕಾಕಾ ಒಂದು ಲಾರಿ ಮಾರಿ ಖಾತೆ ಸರಿ ಮಾಡಿಕೊಂಡರು. ಅದನ್ನು ನನಗೆ ಹೇಳಲಿಲ್ಲ, ಲೆಕ್ಕ ಬರೆಯುವಾಗ ಗೊತ್ತಾಯಿತು.

ಹೊಸ ಆಡಿಟರ್ ಬಳ್ಳಾರಿಯವರು. ಅವರ ಪತ್ರ ನಿನ್ನೆ ಬಂತು. ಫೀಸು 1,20,000 ಕೇಳಿದ್ದಾರಂತೆ, ಎಣಿಕೆಗೆ ಮಾರ್ಚ್ 31ರಂದು ತಾವೇ ಬರುತ್ತಾರಂತೆ. ಉತ್ತರದ ಜೊತೆ ಡಿಸೆಂಬರ್ ಮತ್ತು ಮಾರ್ಚಿನ ಪ್ರಿಂಟ್, ಏಪ್ರಿಲ್ 2ರ ಎಣಿಕೆ ಹಾಳೆ ಮೂರನ್ನೂ ಇಟ್ಟಿದ್ದೇನೆ. ಸರ್, ಎಣಿಕೆ ಹಾಳೆಯ ಮೂಲವನ್ನೇ ಕೊಡಬೇಕೋ, ನಕಲು ಸಾಕೋ? ಇವತ್ತು ಸಂಜೆ ಪೋಸ್ಟ್ ಮಾಡಬೇಕು.

ಹಳೇ ಸಹಿ

ನಕಲು ಸಾಕು. ಮೂಲ ನಿಮ್ಮ ಕೆಲಸದ ಕಾಗದ, ಏಳು ವರ್ಷ ನಿಮ್ಮ ಹತ್ತಿರವೇ ಇರಲಿ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ಬಂದ ಮೇಲೆ ಅದನ್ನು ಫೈಲಿನ ಮೊದಲ ಪುಟಕ್ಕೆ ಅಂಟಿಸಿ.